ಕಡೆದ ಕಂಬ: ದಾವಣಗೆರೆ ಹರಿಹರಗಳ ಕಸುಬಿನ ಮಾತುಗಳು

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 9 ಮೈಲಿಯ ಹಾದಿ. ಕೆಲವು ವರ್ಷಗಳ ಕೆಳಗೆ ನಾವು ನಮ್ಮ ಇತಿಹಾಸ ತರಗತಿಯ ಹುಡುಗರನ್ನು ಕರೆದುಕೊಂಡು ಈ ಹಾದಿಯಲ್ಲಿ ಹರಿಹರೇಶ್ವರನ ದೇವಾಲಯವನ್ನು ನೋಡಹೋಗಿದ್ದೆವು. ಮಂಟಪದ ನೆರಳಿನಲ್ಲಿ ಎಲ್ಲರನ್ನೂ ಕೂರಿಸಿ, ಒಂದು ಕಂಬದ ಬಳಿ ನಿಂತು, "ಇವು ಯಂತ್ರಾವರ್ತಿತ ಸ್ತಂಭಗಳು" ಎಂದು ಗಂಭೀರವಾಗಿ ಪ್ರಾರಂಭಿಸಿದೆವು. ಇಂಗ್ಲಿಷ್ ಗ್ರಂಥಗಳಲ್ಲಿ ಓದಿದ್ದ ಒಂದು ಮಾತಿಗೆ ಹಿಂದಿನ ರಾತ್ರಿ ನಾವೇ ಕುಳಿತು ಮಾಡಿಕೊಂಡ ಅನುವಾದ ಅದು. ಹುಡುಗರು ವಿನಯದಿಂದ ಬರೆದುಕೊಂಡರು. ಅಂಗಳದಲ್ಲಿ ಚಪ್ಪಡಿಗಳ ಸಂದಿಗೆ ಗಾರೆ ತುಂಬುತ್ತಿದ್ದ ವೃದ್ಧನೊಬ್ಬ ಕರಣೆಯನ್ನು ಕೆಳಗಿಟ್ಟು ನಮ್ಮ ಮಾತನ್ನು ಕೇಳುತ್ತಿದ್ದವನು, "ಕಡೆದ ಕಂಬ ಅನ್ರಿ ಮೇಷ್ಟ್ರೇ, ಹುಡುಗ್ರಿಗೆ ತಿಳಿತೈತಿ" ಎಂದ. ಹುಡುಗರು ನಕ್ಕರು, ನಾವೂ ನಕ್ಕೆವು. ಆದರೆ ಟಿಪ್ಪಣಿಯನ್ನು ತಿದ್ದಿಸಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿ, ಹೊಯ್ಸಳರ ಕಾಲದಲ್ಲಿ ದೊಡ್ಡ ದೊಡ್ಡ ಯಂತ್ರಗಳಿದ್ದುವೆಂದೂ ಅವುಗಳಿಗೆ ವಿದ್ಯುಚ್ಛಕ್ತಿ ಎಲ್ಲಿಂದ ಒದಗುತ್ತಿತ್ತೆಂಬುದು ತಿಳಿದುಬಂದಿಲ್ಲವೆಂದೂ ಬರೆದಿದ್ದ. ಅಂಕ ಕಳೆಯಬೇಕಾದುದು ಅವನದೋ ನಮ್ಮದೋ ಎಂದು ಬಹಳ ಹೊತ್ತು ಯೋಚಿಸಿದೆವು.

ಈ ಹೊತ್ತಿನ ಭಾಷಣದ ವಿಷಯ ಆ ಮುದುಕನ ಒಂದು ಮಾತು ಮತ್ತು ಅದರ ನೆಂಟರಿಷ್ಟರು. ಕಲ್ಲು, ಉಣ್ಣೆ, ಸುಣ್ಣ, ಕಬ್ಬಿಣಗಳಲ್ಲಿ ಕೆಲಸ ಮಾಡುವವರು ತಮ್ಮ ಸಾಮಗ್ರಿಗೂ ಕೈಚಳಕಕ್ಕೂ ಇಟ್ಟುಕೊಂಡಿರುವ ಹೆಸರುಗಳು ಬರಿಯ ಹೆಸರುಗಳಲ್ಲ. ಎಷ್ಟೋ ವೇಳೆ ಅವು ಶಾಸನಗಳಷ್ಟೇ ನಂಬತಕ್ಕ ದಾಖಲೆಗಳು.

ಮೊದಲು ದೇವಾಲಯವನ್ನು ನೋಡೋಣ. ತುಂಗಭದ್ರೆಯ ದಡದಲ್ಲಿರುವ ಈ ಗುಡಿಯನ್ನು 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಥನಾದ ಪೊಲಾಳ್ವನು ಕಟ್ಟಿಸಿದನು. 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನು ಕೆಲವು ಭಾಗಗಳನ್ನು ಕೂಡಿಸಿದನು. ಒಳಗಿರುವ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಅಂಗಳದ ಸುತ್ತಮುತ್ತ ಇರುವ ಶಾಸನಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನವುಗಳೊಡನೆ ಸೇರಿಸಿ ಪ್ರಕಟಿಸಿದರು. ಗರ್ಭಗುಡಿಯ ಮೇಲಣ ಮೂಲ ಶಿಖರ ಉಳಿದಿಲ್ಲ. ಈಗಿರುವುದು ಈಚಿನ ಕಾಲದ ಇಟ್ಟಿಗೆ ಗಾರೆಯ ಕೆಲಸ. ಬೇಲೂರು ಹಳೇಬೀಡುಗಳ ಗೋಡೆಗಳನ್ನು ನೋಡಿ ಬಂದವರಿಗೆ ಇಲ್ಲಿಯ ಹೊರಮೈ ಸ್ವಲ್ಪ ಬಡವೆಂದೇ ತೋರಬಹುದು. ಹರಿಹರದ ಸಿರಿಯಿರುವುದು ತೆರೆದ ಮಂಟಪದಲ್ಲಿ: ಸುತ್ತಲೂ ಎದೆಮಟ್ಟಕ್ಕಿಂತ ತಗ್ಗಾದ ಗೋಡೆ, ಆ ಗೋಡೆಯ ಮೇಲೆ ಸಾಲಾಗಿ ಗಿಡ್ಡ ಕಂಬಗಳು, ಒಳಗೆ ನೆಲದಿಂದ ಮೇಲೆದ್ದ ನಿಡಿದಾದ ಕಂಬಗಳು, ಅವುಗಳ ನೆತ್ತಿಯ ಮೇಲೆ ತಾವರೆಯರಳಿದ ಚಾವಣಿ.

ಈಗತಾನೆ "ಕಟ್ಟಿಸಿದನು" ಎಂದೆವಲ್ಲವೆ? ಇಂಗ್ಲಿಷಿನ ಇತಿಹಾಸಗಳಲ್ಲಿ ಪೊಲಾಳ್ವನೇ ಕಟ್ಟಿದನೆಂಬಂತೆ ಬರೆಯುವುದು ವಾಡಿಕೆ. ಆ ಭಾಷೆಯ ಜಾಯಮಾನವೇ ಹಾಗೆ. ಕನ್ನಡ ಮಾತ್ರ ಇಲ್ಲಿ ಬಲು ಎಚ್ಚರಿಕೆಯದು. ಹಣ ಕೊಟ್ಟವನು ಮಾಡಿಸಿದ, ಉಳಿ ಹಿಡಿದವನು ಮಾಡಿದ. 'ಇಸು' ಎಂಬ ಒಂದು ಪ್ರತ್ಯಯದಿಂದ ದಂಡನಾಥನೂ ಕಲ್ಲುಕುಟಿಗನೂ ಬೇರೆ ಬೇರೆ ನಿಲ್ಲುತ್ತಾರೆ. ನಮ್ಮ ಪಠ್ಯಪುಸ್ತಕಗಳು ಇಂಗ್ಲಿಷಿನಿಂದ ಇಳಿದುಬಂದವಾದ್ದರಿಂದ ಎಷ್ಟೋ ಕಡೆ ಆ 'ಇಸು' ದಾರಿಯಲ್ಲಿ ಬಿದ್ದುಹೋಗಿದೆ. ಬಿದ್ದುಹೋದದ್ದು ಪ್ರತ್ಯಯವಷ್ಟೇ ಅಲ್ಲ.

ಕಲ್ಲಿನ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನವರು ಕೈಗೆ ನುಣುಪಾಗಿ ಹತ್ತುವುದನ್ನು ಕಂಡು ಅದಕ್ಕೆ ಸೋಪಿನ ಹೆಸರು ಕೊಟ್ಟರು. ಭೂವಿಜ್ಞಾನಿಗಳು ಕ್ಲೋರೈಟ್ ಶಿಸ್ಟ್ ಎನ್ನುತ್ತಾರೆ. ನಮ್ಮವರು ಬಳಪದ ಕಲ್ಲು ಎಂದರು. ಒಂದನೆಯ ತರಗತಿಯ ಮಗು ಸ್ಲೇಟಿನ ಮೇಲೆ ಅ ಆ ತೀಡಿದ ಬಳಪವೇ ಇದು. ಪರಭಾಷೆಯ ಹೆಸರು ಮುಟ್ಟಿದರೆ ಹೇಗಿರುತ್ತದೆಂಬುದನ್ನು ಹೇಳಿದರೆ, ಕನ್ನಡದ ಹೆಸರು ಅದರಿಂದ ಏನು ಮಾಡಬಹುದೆಂಬುದನ್ನು ಹೇಳಿತು. ಗೀಚಿದರೆ ಗೆರೆ ಬರುವ, ಎಂದರೆ ಉಳಿಗೆ ಎದುರಾಡದೆ ಮಣಿಯುವ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಡಸಾಗುವುದು ಅದರ ಗುಣ. ಗಟ್ಟಿಯಾದ ಬೆಣಚುಕಲ್ಲಿನಲ್ಲಿ ಎಷ್ಟು ಪ್ರಯಾಸಪಟ್ಟರೂ ಬಾರದ ಕೂದಲೆಳೆಯ ಕೆಲಸ ಇದರಲ್ಲಿ ಬರುವುದು ಇದಕ್ಕಾಗಿಯೇ. ಬಳಪವನ್ನು ಬಲ್ಲ ಹುಡುಗನಿಗೆ ಹೊಯ್ಸಳ ಶಿಲ್ಪದ ಅರ್ಧ ರಹಸ್ಯವನ್ನು ಒಂದೇ ವಾಕ್ಯದಲ್ಲಿ ತಿಳಿಸಬಹುದು. ಒಂದು ಪುಸ್ತಕದಲ್ಲಿ ನಾವು 'ಸಾಬೂನು ಶಿಲೆ' ಎಂಬ ಪದವನ್ನೂ ನೋಡಿದ್ದೇವೆ. ಅದನ್ನು ಓದಿದ ಹುಡುಗನು ದೇವಾಲಯವನ್ನು ತೊಳೆಯುವ ವಿಚಾರವೆಂದುಕೊಂಡರೆ ಆಶ್ಚರ್ಯವಿಲ್ಲ.

ಇನ್ನು ಕಡೆಯುವ ಮಾತು. ಒಳಮಂಟಪದ ಕಂಬದ ನಡುವಿನಲ್ಲಿ ಬಳೆ ಜೋಡಿಸಿದಂತೆ, ಗಂಟೆ ಬೋರಲಿಟ್ಟಂತೆ, ಕೊಡ ಕೂರಿಸಿದಂತೆ ಒಂದರ ಮೇಲೊಂದು ಉರುಟಾದ ಆಕೃತಿಗಳಿವೆ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಿದರೆ ಸಮಾನಾಂತರವಾಗಿ ಸುತ್ತುವ ನವಿರಾದ ಗೆರೆಗಳು ಕಾಣುತ್ತವೆ. ಉಳಿಯ ತಲೆಗೆ ಸುತ್ತಿಗೆಯಿಂದ ಹೊಡೆದು ತೆಗೆದ ಗೆರೆಗಳಲ್ಲ ಇವು. ಕಲ್ಲು ತಿರುಗುತ್ತಿರಬೇಕು, ಉಳಿ ಒಂದೆಡೆ ನಿಂತಿರಬೇಕು. ಕಲ್ಯಾಣದ ಚಾಲುಕ್ಯರ ಗುಡಿಗಳಲ್ಲಿ ಬೆಳೆದು ಹೊಯ್ಸಳರಿಗೆ ಬಂದ ವಿದ್ಯೆಯಿದು. ಈ ಕೆಲಸಕ್ಕೆ ಕನ್ನಡದಲ್ಲಿರುವ ಕ್ರಿಯಾಪದ 'ಕಡೆ'. ಮಜ್ಜಿಗೆ ಕಡೆಯುವುದಕ್ಕೂ ಇದೇ ಪದ, ಬುಗುರಿ ಬೊಂಬೆಗಳನ್ನು ಕಡೆಯುವುದಕ್ಕೂ ಇದೇ ಪದ. ನೋಡಿದವರಿಗೆ ಕಾರಣ ತಾನೇ ತಿಳಿಯುತ್ತದೆ. ಕಡಗೋಲಿಗೆ ಹಗ್ಗವನ್ನು ಸುತ್ತಿ ತಾಯಿಯು ಒಮ್ಮೆ ಬಲಗೈ ಒಮ್ಮೆ ಎಡಗೈ ಎಳೆಯುತ್ತಾಳೆ. ಕೋಲು ಅತ್ತಿತ್ತ ತಿರುಗುತ್ತದೆ. ಹಳೆಯ ಕಾಲದ ಬೊಂಬೆಗಾರನೂ ಮರದ ತುಂಡಿಗೆ ಹಗ್ಗವನ್ನು ಸುತ್ತಿ ಹೀಗೆಯೇ ಎಳೆಯಿಸಿ, ಅದು ತಿರುಗುವಾಗ ಉಳಿಯನ್ನೊಡ್ಡುತ್ತಿದ್ದ. ಚನ್ನಪಟ್ಟಣದ ಅರಗಿನ ಬೊಂಬೆಗಳ ಕಸುಬು ಈ ವಂಶದ್ದೇ. ಎರಡು ಕೆಲಸಗಳಿಗೆ ಒಂದೇ ಮಾತಿರುವುದು ಕವಿಯ ಚಮತ್ಕಾರದಿಂದಲ್ಲ. ಎರಡರಲ್ಲಿಯೂ ಕೈಯ ಆಟ ಒಂದೇ ಆದುದರಿಂದ. ದಾವಣಗೆರೆಯವರು ತಮ್ಮ ಬೆಣ್ಣೆ ದೋಸೆಯ ಕೀರ್ತಿಯನ್ನು ನಾಡೆಲ್ಲ ಹರಡಿದ್ದಾರೆ. ಆ ಬೆಣ್ಣೆಯೂ ನೆರೆಯೂರಿನ ಆ ಕಂಬಗಳೂ ಒಂದೇ ಕ್ರಿಯಾಪದದ ಮಕ್ಕಳೆಂಬುದನ್ನು ಅವರು ಸಂತೋಷದಿಂದ ಕೇಳಿಕೊಳ್ಳಬಹುದು.

'ಉಳಿ' ಎಂಬ ಮಾತಿನ ವಿಷಯದಲ್ಲಿಯೂ ಹೀಗೆಯೇ ಒಂದು ಸಂಬಂಧವನ್ನು ಕಟ್ಟಲು ಕೆಲವರಿಗೆ ಆಸೆ. ಉಳಿಯಿಂದ ಮಾಡಿದ್ದು ಉಳಿಯಿತು ಎಂದು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ಇದು ಸಲ್ಲದು. ಹಳಗನ್ನಡದಲ್ಲಿ ಎರಡು ಪದಗಳ ಅಕ್ಷರವೇ ಬೇರೆ. ಆಯುಧದ ಹೆಸರಿನಲ್ಲಿ ಇರುವುದು ಳಕಾರ, ನಿಲ್ಲುವುದೆಂಬರ್ಥದ ಮಾತಿನಲ್ಲಿದ್ದದ್ದು ಈಗ ಬಳಕೆ ತಪ್ಪಿರುವ ೞಕಾರ. ಪದಗಳನ್ನು ದಾಖಲೆಯೆಂದು ನಂಬುವವರು ಖೋಟಾ ದಾಖಲೆಗಳ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿರಬೇಕು.

ಕೆಲಸಗಾರನಿಗಿದ್ದ ಹೆಸರುಗಳ ಕಥೆ ಇನ್ನೂ ಸ್ವಾರಸ್ಯವಾದುದು. ಶಾಸನಗಳಲ್ಲಿ ಶಿಲ್ಪಿಯನ್ನು ರೂವಾರಿ ಎಂದು ಕರೆದಿದೆ. ರೂಪಕಾರಿ ಎಂಬುದರ ತದ್ಭವ. ಹೆಸರಿನ ಕೊನೆಯಲ್ಲಿ ಬರುವ ಓಜ ಎಂಬುದು ಉಪಾಧ್ಯಾಯ ಶಬ್ದ ಸವೆದು ಆದದ್ದು. ಬೇಲೂರಿನಲ್ಲಿ ತಮ್ಮ ಹೆಸರನ್ನು ಕೊರೆದಿಟ್ಟಿರುವ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರನ್ನು ಕೇಳುಗರಲ್ಲಿ ಹಲವರು ಬಲ್ಲಿರಿ. ದಾಸೋಜನ ಹೆಸರಿನಲ್ಲಿರುವ ಓಜನೂ ಕಾಲೇಜಿನಲ್ಲಿ ಸಂಬಳ ತೆಗೆದುಕೊಳ್ಳುವ ನಾವೂ ಪದದ ಲೆಕ್ಕದಲ್ಲಿ ಒಂದೇ ವೃತ್ತಿಯವರು. ಇನ್ನೊಂದು ಮಾತು ಬಿನ್ನಾಣಿ. ಇದು ವಿಜ್ಞಾನದಿಂದ ಬಂದದ್ದು. ಬಿನ್ನಾಣವೆಂದರೆ ಕೌಶಲ, ಬಿನ್ನಾಣಿಯೆಂದರೆ ಕೆಲಸ ಬಲ್ಲವನು. ಇಂದು ಬಿನ್ನಾಣವೆಂದರೆ ಒಯ್ಯಾರ, ಬಿನ್ನಾಣಗಿತ್ತಿಯೆಂದರೆ ಬಯ್ಗುಳ. ಸಂಸ್ಕೃತರೂಪವಾದ ವಿಜ್ಞಾನ ಮಾತ್ರ ಪ್ರಯೋಗಶಾಲೆಯ ಮೇಜನ್ನೇರಿ ಕುಳಿತಿದೆ. ಒಂದೇ ತಾಯಿಯ ಎರಡು ಮಕ್ಕಳಲ್ಲಿ ಪುಸ್ತಕ ಹಿಡಿದದ್ದು ಮೇಲೇರಿತು, ಉಳಿ ಹಿಡಿದದ್ದು ಬೀದಿಪಾಲಾಯಿತು. ಕೈಕೆಲಸದ ಬಗ್ಗೆ ನಮ್ಮ ಸಮಾಜದ ಗೌರವ ಹೇಗೆ ಕುಗ್ಗುತ್ತ ಬಂದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ?

ಹರಿಹರದಿಂದ ದಾವಣಗೆರೆಗೆ ಬರೋಣ. ಊರಿನ ಹೆಸರಿನಲ್ಲಿಯೇ ಒಂದು ಸಾಮಗ್ರಿಯಿದೆಯೆಂದು ಊರವರು ಹೇಳುತ್ತಾರೆ: ಕುದುರೆಗಳನ್ನು ಸಾಲಾಗಿ ಕಟ್ಟುವ ದಾವಣಿಯ ಹಗ್ಗ, ಆ ಕುದುರೆಗಳು ನೀರು ಕುಡಿಯುತ್ತಿದ್ದ ಕೆರೆ. ಹೈದರನು ಈ ಊರನ್ನು ಆಪೋಜಿ ರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಸಣ್ಣ ಹಳ್ಳಿಯು ಪೇಟೆಯಾಯಿತೆಂದೂ ಚರಿತ್ರೆಯಲ್ಲಿದೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿಯ ಕಂಬಳಿಯ ಕಸುಬನ್ನು ಕಂಡು ಬರೆದಿದ್ದಾನೆ. ಅವನ ಗ್ರಂಥ ಲಂಡನ್ನಿನಲ್ಲಿ 1807ರಲ್ಲಿ ಅಚ್ಚಾಯಿತು. ಆ ಪರದೇಶಿಯು ಕಂಬಳಿಗೆ ತನ್ನ ಭಾಷೆಯ ಒಂದು ಹೆಸರನ್ನು ಹೊಂದಿಸಿ ಸುಮ್ಮನಾಗಬಹುದಾಗಿತ್ತು. ಕಿವಿಗೆ ಬಿದ್ದ ಕನ್ನಡದ ಹೆಸರನ್ನೇ ತನ್ನ ಲಿಪಿಯಲ್ಲಿ ಇಳಿಸಿಕೊಂಡನು. ಅವನಿಗಿದ್ದ ಈ ವಿವೇಕ ಸ್ತಂಭವನ್ನು ಆವರ್ತಿಸಿದ ನಮಗಿರಲಿಲ್ಲ.

ಕಂಬಳಿಯ ಕೆಲಸದ ಮಾತುಗಳನ್ನು ಕುರುಬರ ಕೇರಿಯ ಒಬ್ಬ ಹಿರಿಯರ ಮನೆಯ ಜಗಲಿಯಲ್ಲಿ ಕುಳಿತು ನಾವು ಕೇಳಿ ತಿಳಿದೆವು. ಕುರಿಯ ಮೈಮೇಲಿನ ಉಣ್ಣೆಯನ್ನು ಕತ್ತರಿಸುವುದು ಮೊದಲು. ಎಳೆಯ ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ನಯವಾದುದು. ಕರಿಯ ಕುರಿಯದಾದರೆ ಬಣ್ಣದ ಹಂಗೇ ಇಲ್ಲ. ಆಮೇಲೆ ಹಿಂಜುವುದು, ಎಂದರೆ ಗಂಟುಗಂಟಾದ ಉಣ್ಣೆಯನ್ನು ಬಿಡಿಬಿಡಿಯಾಗಿ ಹರಡುವುದು. ಅನಂತರ ನೂಲುವುದು, ಇದು ಹೆಚ್ಚಾಗಿ ಹೆಂಗಸರ ಕೆಲಸ. ನೂಲನ್ನು ಬೀದಿಯುದ್ದಕ್ಕೂ ಚಾಚಿ ಕಟ್ಟಿದರೆ ಅದು ಹಾಸು. ಹುಣಸೆಯ ಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ಅದಕ್ಕೆ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಗಂಜಿಯುಂಡ ನೂಲು ಬಿಗಿಯುತ್ತದೆ, ಮಗ್ಗದಲ್ಲಿ ಹರಿಯುವುದಿಲ್ಲ. ನೆಲದಲ್ಲಿ ಕುಣಿ ತೋಡಿ, ಕಾಲನ್ನು ಅದರೊಳಗೆ ಇಳಿಬಿಟ್ಟು ಕುಳಿತು ನೇಯುವ ಮಗ್ಗ ಕುಣಿಮಗ್ಗ. ಹಾಸಿನ ನಡುವೆ ಅಡ್ಡವಾಗಿ ಹೊಗುವ ನೂಲು ಹೊಕ್ಕು.

ಹಾಸು, ಹೊಕ್ಕು. ಹಾಸಿದ್ದು ಹಾಸು, ಹೊಕ್ಕದ್ದು ಹೊಕ್ಕು. ಇದಕ್ಕಿಂತ ಸರಳವಾಗಿ ನೇಯ್ಗೆಯನ್ನು ಯಾವ ಪಂಡಿತನು ವಿವರಿಸಬಲ್ಲನು? ಈ ಎರಡು ಪದಗಳು ಕೂಡಿಕೊಂಡು ಕೇರಿಯಿಂದ ಹೊರಟು, ವಿಮರ್ಶಕರ ಲೇಖನಗಳನ್ನೂ ಮಂತ್ರಿಗಳ ಭಾಷಣಗಳನ್ನೂ ಹೊಕ್ಕಿವೆ. ಭಕ್ತಿಯು ಬದುಕಿನಲ್ಲಿ ಹಾಸುಹೊಕ್ಕಾಗಿದೆ ಎಂದು ನಾವು ನಿರಾಯಾಸವಾಗಿ ಬರೆಯುತ್ತೇವೆ. ವಾದವನ್ನು ಹಿಂಜುತ್ತೇವೆ, ಕಥೆಯ ಎಳೆಯನ್ನು ಹಿಡಿಯುತ್ತೇವೆ, ವಿಷಯವನ್ನು ಎಳೆಯೆಳೆಯಾಗಿ ಬಿಡಿಸುತ್ತೇವೆ, ಕುಸುರಿ ಕೆಲಸವೆಂದು ಕವಿತೆಯನ್ನು ಹೊಗಳುತ್ತೇವೆ. ಸಾಹಿತ್ಯವನ್ನು ಕುರಿತು ನಾವಾಡುವ ಮಾತಿನ ಬಂಡವಾಳದಲ್ಲಿ ಬಹುಭಾಗ ಕೈಕಸುಬಿನವರಿಂದ ತಂದ ಸಾಲ. ಹೊಸ ಪದ ಬೇಕಾದಾಗ 'ಟಂಕಿಸುತ್ತೇವೆ' ಎನ್ನುತ್ತೇವಲ್ಲ, ಆ ಟಂಕವೂ ನಾಣ್ಯದ ಹೆಸರಾಗಿರುವಂತೆಯೇ ಕಲ್ಲು ಕಡಿಯುವ ಉಳಿಯ ಹೆಸರು. ಹೀಗಿದ್ದೂ ಕಸುಬಿನವರ ಮಾತು ಒರಟೆಂದು ದೂರುವವರನ್ನು ಕಂಡಾಗ, ಕಂಬಳಿಯ ಮೇಲೆ ಕುಳಿತು ಉಂಡು ಅನ್ನದಲ್ಲಿ ಕೂದಲೆನ್ನುವವನ ನೆನಪಾಗುತ್ತದೆ.

ಆ ಜಗಲಿಯ ಹಿರಿಯರು ಮಾತಿನ ನಡುವೆ, "ನನ್ನ ಮೊಮ್ಮಗಗ ಹಾಸು ಅಂದ್ರ ಹಾಸಿಗಿ ಅಷ್ಟ ಗೊತ್ತು" ಎಂದರು. ಅವರು ಕೊರಗಿ ಹೇಳಿದ ಮಾತಲ್ಲ ಅದು. ಮೊಮ್ಮಗ ಓದಿ ನೌಕರಿ ಹಿಡಿದ ಹೆಮ್ಮೆಯೂ ಅದರಲ್ಲಿತ್ತು. ಕಸುಬು ಅನ್ನ ಕೊಡದಿದ್ದರೆ ಕಸುಬಿನ ಮಾತನ್ನು ಮಕ್ಕಳು ಕಲಿಯಬೇಕೆಂದು ಬೋಧಿಸಲು ನಮಗೆ ಬಾಯಿಲ್ಲ. 1930ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳೆದ್ದು, ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವಂತಾಯಿತು. ಆ ಗಿರಣಿಗಳ ಕಾಲವೂ ಕಳೆದುಹೋಯಿತು.

ಗಾರೆಯ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ಸುಣ್ಣ, ಮರಳು, ಇಟ್ಟಿಗೆಯ ಪುಡಿಗಳನ್ನು ಎತ್ತು ಎಳೆಯುವ ಕಲ್ಲುಗಾಲಿಯಿಂದ ಅರೆದು, ಬೆಲ್ಲದ ನೀರು ಅಳಲೆಕಾಯಿಯ ರಸ ಮುಂತಾದುವನ್ನು ಕೂಡಿಸುತ್ತಿದ್ದರು. ಒರಟಾದದ್ದು ಗಾರೆ, ನಯವಾಗಿ ತೀಡಿದ್ದು ಗಚ್ಚು. ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು ಇಟ್ಟಿಗೆಗಳಿಂದ ಕಟ್ಟಿದ ಸೇತುವೆ ಮುಗಿದದ್ದು 1868ರಲ್ಲಿ. ಅರುವತ್ತು ಅಡಿ ಅಗಲದ 14 ಕಮಾನುಗಳು, ವೆಚ್ಚ ಸುಮಾರು ಮೂರೂವರೆ ಲಕ್ಷ ರೂಪಾಯಿ. ಸಿಮೆಂಟಿನ ಹೆಸರನ್ನು ಈ ಸೀಮೆ ಕೇಳುವುದಕ್ಕೆ ಮೊದಲಿನ ಮಾತು. 'ಕಮಾನು' ಪಾರಸಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಬಿಲ್ಲು. ಹೀಗೆ ಬಂದ ಪದಗಳ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಕಾರ್ಖಾನೆ ಬಂತು, ಕಮಾನು ಬಂತು. ಸಂಸ್ಕೃತದ ಕ್ರಕಚವು ಬಡಗಿಯ ಕೈಯಲ್ಲಿ ಗರಗಸವಾಗಿ ಹಲ್ಲು ಮಸೆಯಿತು. ವಸ್ತುವಿನೊಡನೆ ಬಂದ ಹೆಸರು ಮನೆಗೆ ಬಂದ ಸೊಸೆಯಂತೆ. ನಾಲ್ಕು ದಿನದಲ್ಲಿ ಮನೆಯವಳೇ.

ಇದನ್ನು ಹೇಳಲು ಕಾರಣವಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಸ್ಥಾಪಿತವಾಯಿತು. ಆ ಕಾರ್ಖಾನೆಯ ಮುಖ್ಯವಾದ ತಯಾರಿಕೆ ಏನೆಂದು ಬಲ್ಲಿರಾ? ಲೇತು. ಎಂದರೆ ಕಡೆಯುವ ಯಂತ್ರ! ಏಳು ನೂರು ವರ್ಷಗಳ ಹಿಂದೆ ಕಲ್ಲನ್ನು ಕಡೆದು ನಿಲ್ಲಿಸಿದ ಊರಿನಲ್ಲಿಯೇ ಉಕ್ಕನ್ನು ಕಡೆಯುವ ಯಂತ್ರಗಳು ತಯಾರಾಗಿ ದೇಶದ ನಾನಾ ಭಾಗಗಳಿಗೆ ಹೋದುವು. ಇದರಲ್ಲಿ ಕಾರ್ಯಕಾರಣ ಸಂಬಂಧವೇನೂ ಇಲ್ಲ. ರೈಲು, ನದಿ, ಬಂಡವಾಳ ಇವು ಕಾರ್ಖಾನೆಗೆ ಸ್ಥಳವನ್ನು ಆರಿಸುತ್ತವೆಯೇ ಹೊರತು ದೇವಾಲಯದ ಕಂಬಗಳಲ್ಲ. ಆದರೆ ಕಾಕತಾಳೀಯವೂ ಕೆಲವೊಮ್ಮೆ ಕಣ್ಣು ತೆರೆಸುತ್ತದೆ. ಸುತ್ತಲ ಹಳ್ಳಿಗಳ ಯುವಕರು ಅಲ್ಲಿ ಸೇರಿ ಟರ್ನರು, ಫಿಟ್ಟರುಗಳಾದರು. ಚಕ್, ಬೆಡ್, ಟೂಲ್ ಎಂಬ ಮಾತುಗಳನ್ನು ಕಲಿತು ಮನೆಗೆ ತಂದರು. ಕಾರ್ಖಾನೆಯು ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿಹೋಯಿತು. ಮಾತುಗಳು ಮನೆಗಳಲ್ಲಿ ಉಳಿದುಕೊಂಡಿವೆ.

ಈಚೆಗೆ ಪರಿಭಾಷೆಯ ಒಂದು ಸಣ್ಣ ಕೈಪಿಡಿಯನ್ನು ಸಿದ್ಧಪಡಿಸಲು ನಾಲ್ಕಾರು ಮಂದಿ ಕಲೆತಾಗ ನಾವು 'ಕಡೆದ ಕಂಬ' ಎಂಬುದನ್ನು ಮುಂದಿಟ್ಟೆವು. ಮಿತ್ರರೊಬ್ಬರು ಒಪ್ಪಲಿಲ್ಲ. ಅವರ ಆಕ್ಷೇಪ ತಳ್ಳಿಹಾಕತಕ್ಕುದಲ್ಲ: ಕಸುಬಿನ ಮಾತು ಹತ್ತು ಹರದಾರಿಗೊಂದು ಬಗೆ, ಒಂದು ಸೀಮೆಯವರು ಹೇಳುವುದು ಇನ್ನೊಂದು ಸೀಮೆಯವರಿಗೆ ತಿಳಿಯದು, ಪುಸ್ತಕಕ್ಕೆ ನಾಡಿಗೆಲ್ಲ ಸಲ್ಲುವ ಒಂದೇ ಹೆಸರು ಬೇಕು, ಅದನ್ನು ಸಂಸ್ಕೃತ ಕೊಡುತ್ತದೆ. ಮಂಟಪದ ಗುಮ್ಮಟದಂಥ ಚಾವಣಿಯನ್ನು ಭುವನೇಶ್ವರಿ ಎಂದರೆ ಬೀದರಿನಿಂದ ಮಂಗಳೂರಿನವರೆಗೆ ಶಿಲ್ಪವನ್ನು ಓದಿದವರೆಲ್ಲರಿಗೂ ತಿಳಿಯುತ್ತದೆ, ನಿಜ. ಆದರೆ ಭುವನೇಶ್ವರಿಯು ಕಟ್ಟುವವರ ಬಾಯಲ್ಲಿಯೇ ಇದ್ದ ಹೆಸರು, ರಾತ್ರಿ ಕುಳಿತು ಹೊಂದಿಸಿದ್ದಲ್ಲ. ಕಂಬ, ಬೋದಿಗೆ, ತೊಲೆ, ಜಂತೆ ಎಂಬ ಮಾತುಗಳು ಗುಡಿಗೂ ಸಲ್ಲುತ್ತವೆ, ನಮ್ಮ ಅಜ್ಜನ ಮಾಳಿಗೆ ಮನೆಗೂ ಸಲ್ಲುತ್ತವೆ. 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟನ್ನು ತೆರೆದರೆ ಕಡೆ ಎಂಬುದಕ್ಕೆ ಮೊಸರಿನ ಅರ್ಥವೂ ಇದೆ, ತಿರುಗಿಸಿ ರೂಪಿಸುವ ಅರ್ಥವೂ ಇದೆ. ಪರದೇಶದ ಪಾದ್ರಿಯು ಕಿವಿಗೊಟ್ಟು ಕೇಳಿ ಬರೆದಿಟ್ಟದ್ದನ್ನು ನಾವು ಕಣ್ಣೆತ್ತಿ ನೋಡಲಿಲ್ಲವೆಂದು ಮಾತ್ರ ಹೇಳಬೇಕು. ಕೊನೆಗೆ ಕೈಪಿಡಿಯಲ್ಲಿ ಎರಡೂ ಹೆಸರುಗಳು ಸೇರಿದುವು. ಕಡೆದ ಕಂಬ ಮೊದಲು, ನಮ್ಮ ಆವರ್ತಿತ ಸ್ತಂಭ ಕಂಸದೊಳಗೆ. ಅದನ್ನು ಪೂರ್ತಿಯಾಗಿ ತೆಗೆಸಬೇಕೆಂದು ನಾವು ಕೇಳಿಕೊಂಡರೂ, ಅದು ಆಗಲೇ ಹುಡುಗರ ಟಿಪ್ಪಣಿಗಳಲ್ಲಿ ಪ್ರಚಾರವಾಗಿದೆಯೆಂದು ಮಿತ್ರರು ಬಿಡಲಿಲ್ಲ.

ಹೋದ ವರ್ಷ ಹರಿಹರದ ಆ ಮಂಟಪಕ್ಕೆ ಮತ್ತೆ ಹೋಗಿದ್ದೆವು. ಗಾರೆ ಕೆಲಸದ ಮುದುಕ ಕಾಣಲಿಲ್ಲ. ಜೊತೆಯಲ್ಲಿ ಬಂದಿದ್ದವರು ಆ ಕಾರ್ಖಾನೆಯಲ್ಲಿ ಬಹಳ ಕಾಲ ಟರ್ನರಾಗಿದ್ದ ಒಬ್ಬರು. ದೇವರಿಗೆ ಕೈಮುಗಿದು ಹೊರಗೆ ಬಂದವರು ಕಂಬದ ಬಳಿ ನಿಂತು, ಕನ್ನಡಕವನ್ನು ಹಣೆಗೇರಿಸಿ, ಬಳೆಗಳ ಸಂದಿನಲ್ಲಿ ಹೆಬ್ಬೆರಳ ಉಗುರನ್ನು ನಿಧಾನವಾಗಿ ಆಡಿಸಿದರು. ಕಂಬದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಇನ್ನೊಂದು ಬಂದರು. ಅನಂತರ ಒಂದು ಕಡೆ ಬೆರಳಿಟ್ಟು, "ಕಡಿಯೋವಾಗ ಕೈ ಒಂಚೂರು ನಡುಗಿಲ್ಲ ನೋಡ್ರಿ ಸರ್. ಇಲ್ಲೊಂದು ಕಡೆ ಮಾತ್ರ ಟೂಲ್ ಜಾರೈತಿ" ಎಂದರು. ನಾವು ಬಗ್ಗಿ ನೋಡಿದೆವು. ಏನೂ ಕಾಣಲಿಲ್ಲ. ಅವರು ನಮ್ಮ ಬೆರಳನ್ನು ಹಿಡಿದು ಆ ಗೆರೆಯ ಮೇಲಿಟ್ಟರು.